ಹೆಸರು ಹೇಳದ ಬೇರು

ಖಾಸಬಾಗ, ಬೆಳಗಾವಿ
ಬುಧವಾರ, ೧೨ ಫೆಬ್ರುವರಿ ೨೦೨೫

ಜೀವದ ಗೆಳತಿ ಕಾಶಿಗೆ,

ನಿನ್ನ ನಾಗುವಿನ ಶರಣು. ಸಂಕ್ರಮಣಕ್ಕೆ ನೀನು ಕಳಿಸಿದ ಕುಸುರೆಳ್ಳಿನ ಡಬ್ಬಿ ಖಾಲಿಯಾಗಿ ಎಷ್ಟೋ ದಿನವಾಯಿತು, ನಾನು ಮಾತ್ರ ಚೆನ್ನಾಗಿತ್ತು ಅಂತ ಒಂದು ಸಾಲೂ ಬರೆಯಲಿಲ್ಲ. ಬಯ್ಯಬೇಕೆನಿಸಿದರೆ ಬಯ್ದುಬಿಡು. ಖಾನಾಪುರದ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ದಿನದಿಂದ ಬಯ್ಯುತ್ತಲೇ ಬಂದಿದ್ದೀ, ಈಗೇನು ಹೊಸದು! ಫೋನು ನಿಮ್ಮ ಹಳ್ಳಿಯ ಕಾಡಿನಲ್ಲಿ ಹತ್ತುವುದಿಲ್ಲ, ಹತ್ತಿದರೂ ನಿನ್ನ ಕಿವಿಗೆ ಕೇಳುವುದಿಲ್ಲ. ಕಣ್ಣಿನ ಪೊರೆ ಹೇಗಿದೆ? ಶಸ್ತ್ರಕ್ರಿಯೆಗೆ ಹೆದರಿ ಕೂತಿದ್ದೀ ಎಂದು ನಿನ್ನ ಮೊಮ್ಮಗಳು ಸಮೃದ್ಧಿ ಹೇಳಿದಳು. ಅವಳು ಇಲ್ಲಿ ಹಾಸ್ಟೆಲಿಗೆ ಬಂದ ಮೇಲೆ ನಿನ್ನ ಸೂಜಿಗೆ ದಾರ ಪೋಣಿಸಿ ಕೊಡುವವರಾದರೂ ಯಾರಿದ್ದಾರೆ?

ಈ ಕಾಗದವನ್ನು ನನ್ನ ಮಗ ಓಂಕಾರನ ಕೈಯಲ್ಲಿ, ಅಂಟಿಸಿ ಕಳಿಸುತ್ತಿದ್ದೇನೆ. ಅವನು ಸಿಟ್ಟಿನಲ್ಲಿ ಬರುತ್ತಿದ್ದಾನೆ. ಮೊದಲು ಕೂಡಿಸಿ ಒಂದು ಲೋಟ ಮುರುಗಲ ಹಣ್ಣಿನ ಸಾರು ಕೊಡು. ಬೇಡ ಅಂದರೂ ಬಿಡಬೇಡ.

ಸುದ್ದಿ ಒಳ್ಳೆಯದಲ್ಲ ಕಾಶಿ. ನಮ್ಮ ಮನೆಯವರು ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ. ಹೋದ ಮಂಗಳವಾರ ಆಟೋ ನಗರದ ನಮ್ಮ ಲೇಥ್ ಶೆಡ್ಡಿನಲ್ಲಿ ನಿಂತಲ್ಲೇ ಕುಸಿದುಬಿದ್ದರು. ಓಂಕಾರ ಪಕ್ಕದಲ್ಲೇ ಇದ್ದನಂತೆ, ಮಷೀನು ಬಂದ್ ಮಾಡಿ ಓಡಿಬರುವಷ್ಟರಲ್ಲಿ ನೆಲದ ಮೇಲಿದ್ದರು. ಸಕ್ಕರೆ ಐದುನೂರರ ಹತ್ತಿರ. ಬಲಗಾಲಿನ ಹೆಬ್ಬೆರಳಿಗೆ ಕಬ್ಬಿಣದ ಚೂರು ಚುಚ್ಚಿ ಗಾಯವಾಗಿತ್ತು, ನಾನು ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದೆ. ಬಟ್ಟೆ ಬಿಚ್ಚಿದ ಡಾಕ್ಟರರು ನನ್ನ ಕಡೆ ನೋಡಲೂ ಇಲ್ಲ. ಆ ಬೆರಳು ಈಗಿಲ್ಲ. ಕಿಡ್ನಿಯೂ ಸೋತಿದೆಯಂತೆ. ಉಳಿದ ಕಾಲಾದರೂ ಉಳಿಯುತ್ತದೆಯೋ ಇಲ್ಲವೋ ಈ ವಾರ ಗೊತ್ತಾಗುತ್ತದೆ.

ನಮ್ಮ ಮನೆಯ ಊಟ ನಿನಗೆ ಗೊತ್ತೇ ಇದೆ. ಜೋಳದ ರೊಟ್ಟಿ, ಅಗಸಿ ಹಿಂಡಿ, ಹುರುಳಿ ಕಟ್ಟು, ವಾರಕ್ಕೆರಡು ಸಲ ನುಗ್ಗೆ ಸೊಪ್ಪು. ಬೆಳಿಗ್ಗೆ ನೆನೆಸಿದ ಮೆಂತ್ಯದ ನೀರು, ಸಂಜೆ ಹಾಗಲಕಾಯಿಯ ರಸ. ಇವರು ಮೂಗು ಹಿಡಿದುಕೊಂಡು ಕುಡಿದು, "ಯವ್ವಾ, ಇದನ್ನ ಲೇಥಿಗೆ ಹಾಕಿದ್ರ ಜಂಗ್ ಬಿಟ್ಟ ಹೋಗ್ತಿತ್ತು ನೋಡು" ಎಂದು ನಗಿಸುತ್ತಿದ್ದರು. ಅಕ್ಟೋಬರಿನಲ್ಲಿ ಹಿಂದವಾಡಿಯ ಮಹಿಳಾ ಮಂಡಳದವರು ನನ್ನನ್ನು ಕರೆದು ಅಡುಗೆಮನೆಯ ಔಷಧಗಳ ಬಗ್ಗೆ ಮಾತಾಡಿಸಿದ್ದರಲ್ಲ, ಆಗ ಇದನ್ನೆಲ್ಲ ಹೇಳಿದೆ. ಮಂಡಳದ ಭೀಮಕ್ಕ ಎದ್ದು ನಿಂತು, "ನಾಗರತ್ನಕ್ಕಾರ, ನಿಮ್ಮ ಮನ್ಯಾಗ ಡಾಕ್ಟರಗ ಕೆಲಸನ ಇಲ್ಲ ಬಿಡ್ರಿ" ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಡಾಕ್ಟರರು ಮೂರನೇ ದಿನ ಹಾಸಿಗೆಯ ಪಕ್ಕದಲ್ಲೇ ಕೂತು ವಿಚಾರಿಸಿದರು. "ತಮ್ಮಣ್ಣನವರ, ಸಕ್ಕರಿ ಗುಳಿಗಿ ದಿನಾ ತಗೋತಿದ್ರೇನ್ರಿ?"

ಇವರಿಗೆ ಆಗಷ್ಟೇ ಸರಿಯಾಗಿ ಮಾತು ಬಂದಿತ್ತು. "ಒಂದ್ ದಿನಾನೂ ತಪ್ಪಿಸಿಲ್ರಿ. ಊಟಾದ ಕೂಡ್ಲೆ ನಮ್ಮಾಕಿ ಅಂಗೈಯಾಗ ಇಡ್ತಾಳ್ರಿ. ನಾ ನೋಡೂದೂ ಇಲ್ಲ, ನುಂಗಿಬಿಡ್ತೀನಿ" ಎಂದರು.

ಡಾಕ್ಟರರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

"ಗುಳಿಗಿ ನುಂಗಿದ ಮ್ಯಾಲೂ ಹಿಂಗ ಏರೇತಿ ಅಂದ್ರ ಮತ್ತೇನೋ ಹೊಟ್ಟಿಗೆ ಹೋಗೇತ್ರಿ. ಬ್ಯಾರೆ ಔಷಧ ಏನರ ಕೊಟ್ಟೀರೇನು?"

ಓಂಕಾರ ಮನೆಗೆ ಹೋಗಿ, ಇವರ ಸಕ್ಕರೆಗೆಂದು ನೀನು ಕೊಟ್ಟಿದ್ದ ಪುಡಿಯ ಬಟ್ಟೆಗಂಟನ್ನು ತಂದುಕೊಟ್ಟ. ಡಾಕ್ಟರರು ಬಿಚ್ಚಿ ಮೂಸಿ ನೋಡಿದರು. ನೇರಳೆ ಬೀಜ, ಅಮೃತಬಳ್ಳಿ ಎಂದು ನಾನು ಹೇಳಿದೆ. ಮೂರನೆಯದು ಒಂದು ಬೇರು, ಅದರ ಹೆಸರು ಗೊತ್ತಿಲ್ಲ ಎಂದೆ. "ಹೆಸರ ಗೊತ್ತಿಲ್ಲದ್ದು ನಾಕ ತಿಂಗಳ ತಿನ್ನಿಸೀರಿ?" ಎಂದರು. ಓಂಕಾರನ ಮುಖ ಕೆಂಪಾಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ, ಶೆಡ್ಡಿನಲ್ಲಿ, ಓಣಿಯಲ್ಲಿ ಒಂದೇ ಮಾತು, ಖಾನಾಪುರದ ಆ ಮುದುಕಿಯ ಪುಡಿ. "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಎಂದ ಮಗನನ್ನು ನಿನ್ನೆ ಕೈಮುಗಿದು ನಿಲ್ಲಿಸಿದ್ದೇನೆ. ನಿನ್ನ ಬಗ್ಗೆ ಅವರೆಲ್ಲ ಆಡುವಾಗ ನಾನು ಬಾಯಿ ಬಿಡಲಿಲ್ಲ, ಕಾಶಿ. ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ನಿನ್ನ ಕಟ್ಟುಪಾಡು ನನಗೆ ಗೊತ್ತು. ನಿಮ್ಮ ಅಪ್ಪ ಕೃಷ್ಣಾಜಿಯವರು ಬೇರು ಕೀಳಲು ಹೋಗುವಾಗ ನಾವಿಬ್ಬರೂ ಹಿಂದೆ ಓಡುತ್ತಿದ್ದೆವು. ಸೂರ್ಯ ಮೂಡುವ ಮೊದಲೇ ಕೀಳಬೇಕು, ಯಾರೊಂದಿಗೂ ಮಾತಾಡಬಾರದು, ದುಡ್ಡು ಮುಟ್ಟಬಾರದು, ಒಂದು ತೆಂಗಿನಕಾಯಿ ಇಟ್ಟರೆ ಸಾಕು. ನಾನೊಮ್ಮೆ ಇದು ಯಾವ ಗಿಡ ಎಂದು ಕೇಳಿದ್ದಕ್ಕೆ ಅವರು ನನ್ನ ಬಾಯಿಯ ಮೇಲೆ ಕೈಯಿಟ್ಟು, "ಹೆಸರು ಬಾಯಿಗೆ ಬಂತಂದ್ರ ಔಷಧ ಸತ್ತ ಹೊಕ್ಕತಿ, ತಂಗಿ" ಅಂದಿದ್ದರು. ಸಾಯುವಾಗ ನಿನ್ನಿಂದ ಆಣೆ ತೆಗೆದುಕೊಂಡರು. ಐವತ್ತು ವರ್ಷ ನೀನು ಅದನ್ನು ಮುರಿದಿಲ್ಲ. ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಡಾಕ್ಟರರಿಗೆ ಅದು ಬೇಕೇ ಬೇಕು. ಆ ಬೇರು ಕಿಡ್ನಿಗೆ ಆಗಿಬರುವಂಥದ್ದೋ ಅಲ್ಲವೋ ತಿಳಿಯದೆ ಮುಂದಿನ ಔಷಧ ಹಾಕುವುದು ಕಷ್ಟವಂತೆ. ಎರಡು ದಿನ ಇದನ್ನೇ ಯೋಚಿಸಿದೆ. ಆಣೆ ಇರುವುದು ಬಾಯಿಂದ ಹೇಳಬಾರದು ಎಂದು ತಾನೆ? ಹಾಗಾದರೆ ಹೇಳಬೇಡ. ಓಂಕಾರನನ್ನು ಕರೆದುಕೊಂಡು ಹೋಗಿ ಗಿಡದ ಮುಂದೆ ನಿಲ್ಲಿಸು. ಅವನು ಮೊಬೈಲಿನಲ್ಲಿ ಫೋಟೋ ಹೊಡೆದು, ಎಲೆ ಬೇರು ಎಲ್ಲ ಕಿತ್ತುಕೊಂಡು ಬರುತ್ತಾನೆ. ಹೆಸರನ್ನು ಗೊತ್ತಿದ್ದವರು ಇಲ್ಲಿ ಹುಡುಕಿಕೊಳ್ಳುತ್ತಾರೆ. ನಿಮ್ಮ ಅಪ್ಪ ಇದಕ್ಕೆ ಸಿಟ್ಟಾಗಲಾರರು ಅಂತ ನನ್ನ ನಂಬಿಕೆ. ಆದರೆ ಆ ಸಿಟ್ಟೂ ಪಾಪವೂ ನನ್ನ ಮೇಲಿರಲಿ.

ತೆಂಗಿನಕಾಯಿಯನ್ನು ಚೀಲದಲ್ಲಿಟ್ಟಿದ್ದೇನೆ. ಸಮೃದ್ಧಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ತಿಂಗಳಿಗೊಮ್ಮೆ ನಮ್ಮ ಮನೆಗೆ ಊಟಕ್ಕೆ ಬರಲಿ, ಈ ಅಜ್ಜಿಯ ಅಡುಗೆಗೆ ಹೆದರದಿದ್ದರೆ. ನಿನ್ನ ಕಣ್ಣಿಗೆ ಬೆಳಕು ಬರಲಿ. ಬಸವಣ್ಣ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನವಳೇ ಆದ
ನಾಗು

ತಾ. ಕ.: ಕಾಶಿ, ನಿನ್ನ ಕಣ್ಣಿಗೆ ಈ ಅಕ್ಷರಗಳು ಕಾಣುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ನಿನ್ನ ಮನೆಯಲ್ಲಿ ಓದಿ ಹೇಳುವವರು ಈಗ ಬೇರೆ ಯಾರೂ ಇಲ್ಲ. ಹಾಗಾಗಿ ಇದನ್ನು ಓದುತ್ತಿರುವವನು ನನ್ನ ಮಗ. ಓಂಕಾರ, ಇಲ್ಲಿ ನಿಲ್ಲಿಸಬೇಡಪ್ಪ. ಮನಸ್ಸಿನಲ್ಲಿ ಓದಿಕೊಳ್ಳಬೇಡ, ಕಾಶಿ ಮಾವಶಿಗೆ ಕೇಳುವಂತೆ ಗಟ್ಟಿಯಾಗಿ ಓದು.

ದಸರೆಯ ಮೇಲೆ ಪುಡಿ ಕೊಡುವಾಗ ನಿನ್ನ ಮಾವಶಿ ನನ್ನ ಗಲ್ಲ ಹಿಡಿದು ಹೇಳಿದ್ದಳು: "ನಾಗೂ, ಡಾಕ್ಟರನ ಗುಳಿಗಿ ಮಾತ್ರ ಬಿಡಸಬ್ಯಾಡ. ಖರೇ ಹೇಳ್ತೀನಿ, ಇದು ಅದರ ಬಾಜೂಕ ಅಷ್ಟ." ನಾನು ಬಿಡಿಸಿದೆ. ಹಿಂದವಾಡಿಯ ಚಪ್ಪಾಳೆ ಕಿವಿಯಲ್ಲಿತ್ತು. ನಮ್ಮ ಮನೆಯಲ್ಲಿ ಡಾಕ್ಟರರಿಗೆ ಕೆಲಸವಿಲ್ಲ ಎಂಬುದನ್ನು ನಿಜ ಮಾಡಿ ತೋರಿಸುವ ಹುಚ್ಚು ಹಿಡಿದಿತ್ತು. ನವೆಂಬರಿನಿಂದ ನಿನ್ನ ಅಪ್ಪನ ಅಂಗೈಯಲ್ಲಿ ನಾನಿಟ್ಟದ್ದು ಗುಳಿಗೆಯಲ್ಲ, ಮೆಂತ್ಯ ಬೇವು ಅರೆದು ಸಣ್ಣಗೆ ಉಂಡೆ ಕಟ್ಟಿ ಒಣಗಿಸಿದ್ದು. ಅಸಲು ಗುಳಿಗೆಗಳೆಲ್ಲ ಅಗಸಿ ಹಿಂಡಿಯ ಡಬ್ಬಿಯ ಹಿಂದೆ, ಹಾಳೆ ಹರಿಯದೆ ಹಾಗೇ ಇವೆ. ಬೇರಿನಲ್ಲಿ ದೋಷವಿದೆಯೋ ಇಲ್ಲವೋ ಡಾಕ್ಟರರು ನೋಡಲಿ, ಗಿಡ ತೋರಿಸಿಕೊಂಡು ಬಾ. ಆದರೆ ಈ ಮುದುಕಿಗೆ ಒಂದು ಮಾತೂ ಅನ್ನಬೇಡ. ಕಾಲು ಮುಟ್ಟಿ ಬಾ.

ನೀನು ಇದನ್ನು ಓದುವಷ್ಟರಲ್ಲಿ ನಾನು ಆ ಗುಳಿಗೆಗಳನ್ನು ಮಡಿಲಲ್ಲಿಟ್ಟುಕೊಂಡು ಡಾಕ್ಟರರ ಕೋಣೆಗೆ ಹೋಗಿರುತ್ತೇನೆ. ಅವರಿಗೆ ಹೇಳಬಲ್ಲೆ. ನಿನ್ನ ಅಪ್ಪನಿಗೆ ಹೇಗೆ ಹೇಳಲಿ ಅಂತ ಮಾತ್ರ ತಿಳಿಯುತ್ತಿಲ್ಲ. ಇವತ್ತು ಬೆಳಿಗ್ಗೆ ನರ್ಸು ಗುಳಿಗೆ ತಂದಾಗ ಅವರು ತೆಗೆದುಕೊಳ್ಳಲಿಲ್ಲ. "ನಮ್ಮಾಕಿ ಕೈಯಾಗ ಕೊಡ್ರಿ, ಆಕಿ ಕೊಟ್ರ ನಾ ನುಂಗ್ತೀನಿ" ಎಂದು ಹೇಳಿ, ಕಣ್ಣು ಮುಚ್ಚಿಕೊಂಡು ನನ್ನ ಕಡೆಗೆ ಅಂಗೈ ಚಾಚಿದರು.