ಪಕ್ಕದ ಸೀಟಿನವಳ ಬಣ್ಣ

ಅಪ್ಪನಿಗೆ,

ಈ ಕಾಗದವನ್ನು ಕಂಪ್ರೆಸರಿನ ಸ್ವಿಚ್ಚಿನ ಮೇಲೆ ಅಂಟಿಸಿ ಹೋಗುತ್ತಿದ್ದೇನೆ. ಬೇರೆಲ್ಲಿ ಇಟ್ಟರೂ ನಿನ್ನ ಕೈಗೆ ಸಿಗದು. ನಾನು ಬಾಯಿ ತೆರೆದ ಕೂಡಲೇ ನಿನ್ನ ಕೈ ಹೋಗುವುದು ಅಲ್ಲಿಗೇ ತಾನೇ? ಮಗಳು ಮಾತು ಶುರು ಮಾಡಿದರೆ ನೀನು ಗಾಳಿ ತುಂಬಲು ಶುರು ಮಾಡುತ್ತೀಯ. ಆಮೇಲೆ ಶೆಡ್ಡಿನ ತಗಡೆಲ್ಲ ದಡದಡ, ನನ್ನ ಮಾತೆಲ್ಲ ಗಡಗಡ. ಕಾಗದಕ್ಕೆ ಆ ಭಯವಿಲ್ಲ. ಅಕ್ಷರಗಳನ್ನು ದಪ್ಪಗೆ ಬರೆದಿದ್ದೇನೆ. ಅದನ್ನು ಪ್ರೀತಿ ಎಂದು ತಿಳಿಯಬೇಡ. ಓದಲಾಗಲಿಲ್ಲ ಎಂಬ ನೆಪ ನಿನಗೆ ಸಿಗಬಾರದು, ಅಷ್ಟೇ.

ನನಗೆ ಸಿಟ್ಟು ಬಂದಿದೆ. ಭಾನುವಾರ ಬಂದದ್ದು ಇನ್ನೂ ಇಳಿದಿಲ್ಲ. ವಾರವಿಡೀ ಶಾಲೆಯ ಬಸ್ಸು ಓಡಿಸುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದೆ. ಮಕ್ಕಳು ಎಂದೂ ಇಲ್ಲದ ಹಾಗೆ ಸುಮ್ಮನೆ ಕೂತಿದ್ದರು. ಅಷ್ಟರ ಮಟ್ಟಿಗೆ ನಿನಗೊಂದು ಥ್ಯಾಂಕ್ಸ್.

ಭಾನುವಾರ ಮಧ್ಯಾಹ್ನ ಎಂದಿನಂತೆ ಕಾಳು ಬೇಯಿಸಿಕೊಂಡು, ಮೆಕ್ಕೆಜೋಳದ ಬ್ರೆಡ್ಡು ಸುಟ್ಟುಕೊಂಡು ಬಂದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ನಮ್ಮ ಎರಡು ಬಾಗಿಲಿನ ಕೂಪೆ ಕಾರು ನಿಂತಿತ್ತು. ಅದೇ ಮೂವತ್ತೊಂದನೇ ಇಸವಿಯ ಫೋರ್ಡು, ಚಾವಣಿ ಕತ್ತರಿಸಿ ತಗ್ಗಿಸಿದ್ದು, ಮಡ್‌ಗಾರ್ಡು ಕಿತ್ತು ಬಿಸಾಡಿದ್ದು, ಮೈತುಂಬ ರೆಡ್ ಆಕ್ಸೈಡ್ ಪ್ರೈಮರಿನ ಅಡಿಲೇಪ ಮಾತ್ರ ಬಳಿದುಕೊಂಡು ಬಣ್ಣದ ಹಂಗಿಲ್ಲದೆ ನಿಂತಿದ್ದು. ಅದರ ಕೆಳಗೆ ನಾಲ್ಕು ಗಾಲಿ. ಕೆಂಪು. ಹೊಳೆಯುವ ಕೆಂಪು. ಇಟ್ಟಿಗೆ ಪುಡಿಯ ಮೈ, ಅದಕ್ಕೆ ಟೊಮೇಟೊ ಸಾಸಿನ ಕಾಲು. ಬೂದು ಪ್ರೈಮರಿನ ಕೆಳಗೆ ಕೆಂಪು ನಗುತ್ತದೆ, ಕಪ್ಪು ಪ್ರೈಮರಿನ ಕೆಳಗೆ ಕುಣಿಯುತ್ತದೆ, ಆಕ್ಸೈಡಿನ ಕೆಳಗೆ ಜಗಳವಾಡುತ್ತದೆ. ಇದನ್ನು ನನಗೆ ಕಲಿಸಿದವನು ನೀನೇ.

ಏನಿದು ಎಂದು ಕೇಳಿದೆ. ನೀನು ಕೈ ಒರೆಸಿಕೊಳ್ಳುತ್ತಾ, "ನಿನ್ನಣ್ಣ ಗಾರ್ಲಂಡ್ ಬಂದಿದ್ದ, ಅವನು ಹೇಳ್ದ" ಎಂದೆ. ನಾನು ಇನ್ನೇನೋ ಹೇಳಹೊರಟೆ. ನೀನು ತಟ್ಟೆಯ ಮೇಲಿನ ಬಟ್ಟೆ ಎತ್ತಿ ನೋಡಿ, "ಬಣ್ಣ ತಾನೇ, ಟ್ವೈಲಾ? ಒಂದು ಗಾಲಿ ಬಣ್ಣಕ್ಕೆ ಇಷ್ಟೊಂದಾ?" ಎಂದು ಕಂಪ್ರೆಸರ್ ಹಾಕಿದೆ.

ಬಣ್ಣ ತಾನೇ. ಬೂದು ಕಾರಿಗೆ ಹಳದಿ ಗಾಲಿ ಹಾಕಿದನೆಂದು ಸ್ವಂತ ಷಡ್ಡಕನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವನು ಹೇಳುವ ಮಾತೇ ಇದು? ಅವನ ಮನೆಯ ಮದುವೆಗೆ ಹೋಗಿ, ಊಟ ಮುಗಿಸಿ, ಮಾತಾಡದೆ ಬಂದವನು ನೀನು. "ಮೈಗೆ ಬಣ್ಣ ಇಲ್ದಿದ್ರೂ ನಡೆದೀತು, ಗಾಲಿ ಬಣ್ಣ ತಪ್ಪಿದ್ರೆ ಊರೇ ನುಡಿದೀತು" ಎಂದು ನಮ್ಮೂರು ರೋಸಮಂಡಿನ ಪಡ್ಡೆಗಳಿಗೆಲ್ಲ ಪಾಠ ಹೇಳಿದವನು. ಮೈಗೆ ಬಣ್ಣ ಹೊಡೆದರೆ ಕೆಲಸ ಮುಗಿದ ಹಾಗೆ, ಮುಗಿದ ಕಾರು ಮುದುಕರ ಕಾರು ಎನ್ನುತ್ತಿದ್ದೆ. ಆದ್ದರಿಂದ ನಮ್ಮ ಕಾರುಗಳಿಗೆ ಬಣ್ಣವೆಂದು ಇರುವುದು ಗಾಲಿಯೊಂದೇ. ಅದು ಹೇಳಿದ್ದೇ ಕಾರಿನ ಮಾತು.

ಆ ಮಾತನ್ನು ಯಾರು ಹೇಳಬೇಕು ಎಂಬುದಕ್ಕೂ ನಮ್ಮಲ್ಲಿ ಒಂದು ಕಟ್ಟಳೆ ಇದೆ. ನಿನಗೆ ನೆನಪು ಮಾಡಬೇಕಾಗಿ ಬಂತಲ್ಲ ಎಂಬುದೇ ನನ್ನ ಹೊಟ್ಟೆಯುರಿ. "ಹಿಡಿದವರಿಗೆ ಸ್ಟಿಯರಿಂಗು, ಪಕ್ಕದವರಿಗೆ ಗಾಲಿ ರಂಗು." ಅಮ್ಮ ಅದಕ್ಕೆ ಕೊಡುತ್ತಿದ್ದ ಕಾರಣ ಇನ್ನೂ ನನ್ನ ಕಿವಿಯಲ್ಲಿದೆ. "ಓಡಿಸೋರ ಕಣ್ಣು ದಾರಿ ಮೇಲಿರ್ಬೇಕು. ಮಡ್‌ಗಾರ್ಡಿಲ್ಲದ ಆ ಮುಂದಿನ ಗಾಲಿ ತಿರುಗೋದನ್ನ ಗಂಟೆಗಟ್ಲೆ ನೋಡ್ತಾ ಕೂರೋರು ನಾವು. ಅಂದ್ಮೇಲೆ ಬಣ್ಣಾನೂ ನಮ್ದೇ." ನೀನು ಪ್ರತಿ ಸಲ ಕಾರು ಕಟ್ಟಿ ಪ್ರೈಮರ್ ಮುಗಿಸಿದ ದಿನ ಅಡಿಗೆಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಹೊಸಲ ಮೇಲೆ ನಿಂತು, "ನಡೀನ್, ಯಾವ ಬಣ್ಣ?" ಎಂದು ಕೇಳುತ್ತಿದ್ದೆ. ಅಮ್ಮ ಕೂಡಲೇ ಹೇಳುತ್ತಿರಲಿಲ್ಲ. ಪಾತ್ರೆ ತೊಳೆದು, ಒರೆಸಿ, ಜೋಡಿಸಿಟ್ಟು, ಒಂದು ಸಿಗರೇಟು ಹಚ್ಚಿ, ಹೊಗೆ ಬಿಟ್ಟು, ಆಮೇಲೆ ಹೇಳುತ್ತಿದ್ದಳು. ಅಲ್ಲಿಯವರೆಗೂ ನೀನು ಹೊಸಲ ಮೇಲೇ. ಅಪ್ಪ ಯಾರ ಮುಂದಾದರೂ ಕಾಯುತ್ತಾನೆ ಎಂದು ನನಗೆ ಗೊತ್ತಾದದ್ದು ಹಾಗೆ. ಪಕ್ಕದಲ್ಲಿ ಕೂರುವವರು ತಾವಾಗಿ ಹೇಳುವ ಹಾಗಿಲ್ಲ, ಓಡಿಸುವವನು ಕೇಳದೆ ಬಿಡುವ ಹಾಗಿಲ್ಲ. ಕೇಳುವುದೇ ಅದರ ಮರ್ಯಾದೆ.

ಅಮ್ಮ ತೀರಿಹೋದಳು. ಆ ಸೀಟಿಗೆ ನಾನು ಬಂದೆ. ಯಾರೂ ಕರೆಯಲಿಲ್ಲ, ನಿಜ. ನಿನ್ನ ಬಲಗಣ್ಣು ಮಂಜಾಗಿ, ಡಾಕ್ಟರು ಇನ್ನು ಆ ಕಣ್ಣಿನ ಆಸೆ ಬಿಡಿ ಎಂದಾಗ, ಪಕ್ಕದಲ್ಲಿ ಒಂದು ಜೀವ ಇಲ್ಲದೆ ನೀನು ಹಳೇ ಕಾರುಗಳವರೆಲ್ಲ ಸೇರಿ ಓಡಿಸುವ ಎಲ್ ಮಿರಾಜ್ ಒಣಕೆರೆಗೆ ಹೋಗುವಂತಿರಲಿಲ್ಲ. ನಿನ್ನ ಸ್ಟಿಯರಿಂಗು ಎಡಕ್ಕೆ, ನನ್ನ ಸೀಟು ಬಲಕ್ಕೆ; ಅಂದಿನಿಂದ ನಿನ್ನ ಬಲಗಣ್ಣು ನಾನು. "ಲಾರಿ ಬಂತು, ಬಲಕ್ಕೆ ಹಳ್ಳ, ಈಗ ಬೇಡ, ಈಗ ಹೋಗು." ಸೋಮವಾರದಿಂದ ಶುಕ್ರವಾರದವರೆಗೆ ಊರ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವಳು ಶನಿವಾರ ನಿನ್ನ ಪಕ್ಕದಲ್ಲಿ ಕೂತು ದಾರಿ ಹೇಳುವವಳಾದೆ. ಎಲ್ ಮಿರಾಜಿನ ಆ ಬಿರುಕು ನೆಲದ ಮೇಲೆ, ಹಲ್ಲಿನ ಸಂದಿಗೂ ಧೂಳು ತುಂಬಿಕೊಂಡು, ರೇಡಿಯೇಟರಿಗೆ ನೀರು ಹೊಯ್ದು, ನಿನಗೆ ಟೋಪಿ ತೊಡಿಸಿ, ಮರಳಿ ಕರೆತಂದೆ. ಹಳೆಯ ರೋಡ್‌ಸ್ಟರ್ ಕಾರನ್ನು ನೀನು ಮಾರಿ ಈ ಕೂಪೆಯನ್ನು ಕಟ್ಟಲು ಶುರು ಮಾಡಿದಾಗ ಟಾರ್ಚು ಹಿಡಿದೆ, ಉಪ್ಪುಕಾಗದ ಹಿಡಿದೆ, ನಿನ್ನ ಬೈಗುಳವನ್ನೂ ಹಿಡಿದೆ. ಇದು ನಾನು ಆ ಸೀಟಿಗೆ ಬಂದ ಮೇಲೆ ನೀನು ಕಟ್ಟಿದ ಮೊದಲ ಕಾರು. ಅಂದರೆ ನನ್ನನ್ನು ಕೇಳಬೇಕಾದ ಮೊದಲ ಸಲ.

ಕೇಳುತ್ತೀಯ ಎಂದು ಚಳಿಗಾಲವಿಡೀ ತಯಾರಾದೆ, ಅಪ್ಪ. ಪೇಂಟು ಡಬ್ಬಿಯ ಮುಚ್ಚಳಗಳಿಗೆ ಒಂದೊಂದು ಬಣ್ಣ ಬಳಿದು ನಿನ್ನ ಬೇಲಿಗೇ ನೇತುಹಾಕಿದ್ದೆ. ಬೆಳಗಿನ ಬಿಸಿಲಲ್ಲಿ ನೋಡಿದೆ, ಇಳಿಬಿಸಿಲಲ್ಲಿ ನೋಡಿದೆ. ಆಮೇಲೆ ಅವನ್ನು ಒಣಕೆರೆಯ ಧೂಳಲ್ಲಿ ಹೊರಳಾಡಿಸಿ ಮತ್ತೆ ನೋಡಿದೆ. ನಮ್ಮ ಕಾರು ಇರುವುದು ಧೂಳಿನಲ್ಲಿ, ಮ್ಯೂಸಿಯಮ್ಮಿನಲ್ಲಲ್ಲ. ಕೆಂಪಿಗೆ ಧೂಳು ಕೂತರೆ ಅದು ಹಲ್ಲಿಲ್ಲದ ಬಾಯಿಯ ವಸಡಿನ ಬಣ್ಣ. ಕಪ್ಪಿಗೆ ಕೂತರೆ ಆರಿದ ಒಲೆ. ಕಡೆಗೆ ಒಂದು ಸಿಕ್ಕಿತು. ನಮ್ಮ ಮರುಭೂಮಿಯ ಜೋಶುವಾ ಮರದ ಹೂವಿನ ಕೆನೆಬಣ್ಣ. ಬಿಳಿಯಲ್ಲ, ಹಳದಿಯಲ್ಲ, ಒಳಗೆಲ್ಲೋ ಹಸಿರು ಇದೆಯೋ ಇಲ್ಲವೋ ಎಂಬಷ್ಟು. ಆಕ್ಸೈಡಿನ ಪಕ್ಕ ಹಿಡಿದರೆ ಆ ಒರಟು ಕಂದುಗೆಂಪು ಮೈ ಒಮ್ಮೆಗೇ ಬೆಚ್ಚಗಾಯಿತು, ಸುಟ್ಟ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿದ ಹಾಗೆ. ಧೂಳು ಕೂತರೂ ಅದು ಅದಾಗಿಯೇ ಉಳಿಯಿತು. ಆ ಮುಚ್ಚಳವನ್ನು ನಿನ್ನ ಮೇಜಿನ ಮೇಲೆ, ನಿನ್ನ ಎಡಗಣ್ಣಿನ ಎದುರಿಗೇ ಇಟ್ಟೆ. ಬಾಯಿಬಿಟ್ಟು ಹೇಳಲಿಲ್ಲ, ಕಟ್ಟಳೆ ಮುರಿಯಲಿಲ್ಲ. ನೀನು ಅದರಲ್ಲಿ ಸೀಮೆಎಣ್ಣೆ ಸುರಿದು ಬೋಲ್ಟು ತೊಳೆದೆ.

ಆದರೂ ಕಾದೆ. ಆಮೇಲೆ ಗಾರ್ಲಂಡ್ ಬಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಇರಬೇಕೆಂದು ಪ್ರಯತ್ನಪಟ್ಟೆ, ಆಗಲಿಲ್ಲ. ಅಣ್ಣ ಫೀನಿಕ್ಸಿನಲ್ಲಿ ಈಜುಕೊಳ ಮಾರಿಕೊಂಡಿದ್ದಾನೆ, ತಣ್ಣಗಿದ್ದಾನೆ. ಸೋಮವಾರ ಅವನಿಗೆ ಫೋನು ಮಾಡಿ, ಬಣ್ಣ ಆರಿಸಿದವನೇ ಪಕ್ಕದಲ್ಲಿ ಕೂರಬೇಕು, ಶನಿವಾರ ಬಂದು ಕೂರು ಎಂದೆ. "ಎಲ್ಲಿಗೆ?" ಎಂದ. ಒಣಕೆರೆಗೆ ಎಂದೆ. "ಅದ್ರಲ್ಲಿ ಏಸಿ ಇದೆಯಾ?" ಎಂದ. ಆಮೇಲೆ ಕಟ್ಟಳೆ ವಿವರಿಸಿದೆ. "ಅಯ್ಯೋ ಟ್ವೈಲಾ, ನನಗೆ ಗೊತ್ತೇ ಇರ್ಲಿಲ್ಲ ಕಣೇ. ಅಪ್ಪ ಕೇಳಿದ್ರು, ಬಾಯಿಗೆ ಬಂದಿದ್ದು ಹೇಳ್ದೆ" ಎಂದ. ನಂಬಿದೆ. ಅಮ್ಮ ಇದ್ದಾಗಲೂ ಅವನು ಶೆಡ್ಡಿನ ಕಡೆ ತಲೆ ಹಾಕಿದವನಲ್ಲ. ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ನಿನಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯೂ ಇದೆ. ಸೀಟು ಹೊಲಿಯುವ ರೂಫಿನೋ ಗಾರ್ಲಂಡ್ ಬಂದ ಹೊತ್ತಿಗೆ ಕೂಪೆಯೊಳಗೆ ಮಂಡಿಯೂರಿ ಸೀಟಿಗೆ ಮೊಳೆ ಹೊಡೆಯುತ್ತಿದ್ದ. ಪಾಪದವನು, ಚಾಡಿ ಹೇಳುವವನಲ್ಲ. ನಾನೇ ಅವನ ಅಂಗಡಿಗೆ ಹೋಗಿ ಹಿಡಿದು ಕೇಳಿದ ಮೇಲೆ, ಕತ್ತರಿ ಕೆಳಗಿಟ್ಟು ಹೇಳಿದ. ನೀನು ಗಾರ್ಲಂಡನನ್ನು ಕೇಳಿದೆಯಂತೆ. ಅವನು, "ಕೆಂಪೇ ಹಾಕಿ, ಎಲ್ಲರದ್ದೂ ಕೆಂಪೇ ಅಲ್ವಾ" ಎಂದನಂತೆ. ಆಗ ರೂಫಿನೋ ಕಿಟಕಿಯಿಂದ ತಲೆ ಹೊರಹಾಕಿ, "ಏ ಆರಿನ್, ಟ್ವೈಲಾನ ಕೇಳಲ್ವೇನೋ ಮಾರಾಯ?" ಎಂದನಂತೆ.

ಅದಕ್ಕೆ ನೀನು ಹೇಳಿದ್ದು: "ಅವಳನ್ನೇನು ಕೇಳೋದು. ಅವಳು ಇಲ್ಲೇ ಇರ್ತಾಳೆ."

ಇಲ್ಲೇ ಇರುತ್ತಾಳೆ. ಜಾಕು ಇಲ್ಲೇ ಇರುತ್ತದೆ, ಸ್ಪ್ಯಾನರು ಇಲ್ಲೇ ಇರುತ್ತದೆ, ಎಣ್ಣೆ ಬಟ್ಟೆ ಇಲ್ಲೇ ಇರುತ್ತದೆ, ಟ್ವೈಲಾನೂ ಇಲ್ಲೇ ಇರುತ್ತಾಳೆ. ವರ್ಷಕ್ಕೊಮ್ಮೆ ಬಂದವನಿಗೆ ಗಾಲಿಯ ಬಣ್ಣ ಕಾಣಿಕೆ, ವಾರವಾರ ಬಂದವಳಿಗೆ ತೊಳೆಯಲು ಎರಡು ತಟ್ಟೆ. ಕೆಂಪಿನ ಬಗ್ಗೆ ನನ್ನ ಸಿಟ್ಟು ಅರ್ಧ ಮಾತ್ರ. ನೀನು ನನ್ನನ್ನು ಕೇಳಿ, ನಾನು ಕೆನೆ ಎಂದು, ನೀನು ಥೂ ಎಂದು ಜಗಳವಾಡಿ ಕೆಂಪು ಬಳಿದಿದ್ದರೆ ನಾನು ಬೈದು, ಉಂಡು, ಮನೆಗೆ ಹೋಗಿ ಮಲಗುತ್ತಿದ್ದೆ. ನೀನು ಹೊಸಲಿನವರೆಗೂ ಬರಲಿಲ್ಲ. ಬಾಗಿಲಲ್ಲಿ ಕಾಯುವುದಕ್ಕೆ ಅಮ್ಮ ಒಬ್ಬಳೇ ಯೋಗ್ಯಳು, ಉಳಿದವರು ಸಾಮಾನು ಎಂದುಕೊಂಡೆಯಾ?

ಹೋಗುವುದಿಲ್ಲ, ಶನಿವಾರ ನಾನು ಹೋಗುವುದೇ ಇಲ್ಲ ಎಂದು ಮೊದಲು ನಿಶ್ಚಯಿಸಿದೆ. ಒಂದೇ ಕಣ್ಣಲ್ಲಿ ಅಷ್ಟು ದೂರ ಹೇಗೆ ಹೋಗುತ್ತೀಯೋ ಹೋಗು, ಇಲ್ಲವಾದರೆ ಶೆಡ್ಡಿನಲ್ಲೇ ಕೂತು ಟೊಮೇಟೊ ಗಾಲಿಯ ಅಂದ ನೋಡು. ಆಮೇಲೆ ಯೋಚಿಸಿದೆ. ನಾನು ಹೋಗದಿದ್ದರೆ ನೀನು ರೂಫಿನೋನನ್ನು ಕೂರಿಸಿಕೊಳ್ಳುತ್ತೀಯ. ಆ ಸೀಟಿನಲ್ಲಿ ಇದ್ದವಳು ಯಾರು ಎಂದು ಯಾರೂ ಕೇಳುವುದಿಲ್ಲ. ಅಷ್ಟು ಸುಲಭವಾಗಿ ಬಿಟ್ಟುಕೊಡಲು ನಾನೇನು ಸನ್ಯಾಸಿನಿಯೇ? ಹಟಕ್ಕೆ ಹೆಸರಾದ ನಮ್ಮ ಸ್ಟೋವಾಲರ ಮನೆಯ ಮಗಳು.

ಆದ್ದರಿಂದ, ನೀನೂ ರೂಫಿನೋನೂ ಬೇಕರ್ಸ್‌ಫೀಲ್ಡಿನ ಹಳೇ ಸಾಮಾನಿನ ಸಂತೆಗೆ ಹೋಗಿ ರಾತ್ರಿ ಅಲ್ಲೇ ಉಳಿದಿರಲ್ಲ, ಆಗ ನಾನು ಇಲ್ಲಿಗೆ ಬಂದೆ. ಕಾರಿನ ಬಲಮಗ್ಗುಲು ಗೋಡೆಯ ಕಡೆಗಿದೆ, ಆದ್ದರಿಂದ ನೀನು ಇನ್ನೂ ನೋಡಿರಲಾರೆ. ಆ ಮಗ್ಗುಲನ್ನು ಜಾಕಿನ ಮೇಲೆತ್ತಿ ಮುಂದಿನದೊಂದು, ಹಿಂದಿನದೊಂದು ಗಾಲಿ ಬಿಚ್ಚಿದೆ. ಗಾಳಿ ಇಳಿಸಿ, ಟೈರಿಗೂ ರಿಮ್ಮಿಗೂ ನಡುವೆ ನೀನು ಕಲಿಸಿದ ಹಾಗೆ ಬಣ್ಣ ಟೈರಿಗೆ ತಾಗದಂತೆ ಇಸ್ಪೀಟಿನ ಎಲೆಗಳನ್ನು ಸುತ್ತಲೂ ಸಿಕ್ಕಿಸಿ, ಕೆಂಪನ್ನು ಉಜ್ಜಿ ತೆಗೆದು, ಕೆನೆಬಣ್ಣ ಹೊಡೆದೆ. ಒಣಗಿಸಿದೆ. ಮತ್ತೆ ಗಾಳಿ ತುಂಬಿ ನಟ್ಟು ಬಿಗಿದೆ. ಕೆಲಸ ಚೆನ್ನಾಗಿ ಬಂದಿದೆ. ಬೈಯಲು ನಿನಗೆ ಒಂದು ಸೋರಿದ ಹನಿಯೂ ಸಿಗದು, ಹುಡುಕಿ ನೋಡು.

ಎಡಗಡೆಯ ಎರಡನ್ನು ಮುಟ್ಟಿಲ್ಲ. ಅವು ನಿನ್ನವು, ಗಾರ್ಲಂಡನವು, ಯಾರವೋ. ಕಾರಿನ ಎರಡೂ ಮಗ್ಗುಲನ್ನು ಒಂದೇ ಸಲ ನೋಡಿದವರು ಯಾರೂ ಇಲ್ಲ. ಆದರೆ ಒಣಕೆರೆಯಲ್ಲಿ ಜನ ಸುತ್ತು ಹಾಕಿಯೇ ನೋಡುವುದು, ಅದೂ ನಿನ್ನ ಕಾರನ್ನು. ಎಡಗಡೆ ನಕ್ಕು, ಬಲಗಡೆ ಬಂದು ನಿಂತು, ತಲೆ ಕೆರೆದುಕೊಂಡು ಕೇಳೇ ಕೇಳುತ್ತಾರೆ, ಏನು ಆರಿನ್, ಇದೇನು ಅವತಾರ, ಡಬ್ಬಿ ಖಾಲಿಯಾಯಿತಾ ಎಂದು.

ಶನಿವಾರ ಬೆಳಿಗ್ಗೆ ಬರುತ್ತೇನೆ, ಎಂದಿನ ಹೊತ್ತಿಗೆ, ಎಂದಿನ ಸೀಟಿಗೆ. ನಿನ್ನ ಬಲಕ್ಕೆ ಬರುವ ಲಾರಿಗಳನ್ನೆಲ್ಲ ಹೇಳುತ್ತೇನೆ. ಆದರೆ ಅಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದಾಗ ನಾನು ಬಾಯಿ ಬಿಡುವುದಿಲ್ಲ. ಉತ್ತರ ನೀನು ಹೇಳಬೇಕು. ನನ್ನ ಎದುರಿಗೆ, ನನ್ನ ಹೆಸರು ಹಿಡಿದು, ಅಲ್ಲಿ ನಿಂತ ಎಲ್ಲರಿಗೂ ಕೇಳಿಸುವಂತೆ. ಈ ಎರಡು ನನ್ನ ಪಕ್ಕದಲ್ಲಿ ಕೂರುವವಳ ಬಣ್ಣ, ಉಳಿದೆರಡನ್ನು ಅವಳನ್ನು ಕೇಳದೆ ಹೊಡೆದೆ ಎಂದು. ಅಷ್ಟು ಹೇಳಿದರೆ ಸಾಕು. ಆಮೇಲೆ ನಾಲ್ಕನ್ನೂ ಕೆಂಪು ಮಾಡುತ್ತೀಯೋ, ನಾಲ್ಕನ್ನೂ ಕೆನೆ ಮಾಡುತ್ತೀಯೋ, ಕೂತು ಜಗಳವಾಡೋಣ. ಹೇಳದೆ ತುಟಿ ಬಿಗಿಹಿಡಿದು ನಿಂತೆಯೋ, ಅಲ್ಲಿಂದ ನಾನು ಬೇರೆಯವರ ಪಿಕಪ್ಪು ಹತ್ತಿ ಮನೆಗೆ ಬರುತ್ತೇನೆ. ನೀನು ಹೇಗೆ ಬರುತ್ತೀಯೋ ನಿನಗೆ ಬಿಟ್ಟದ್ದು. ಇದನ್ನು ಬೆದರಿಕೆ ಎಂದುಕೊಂಡರೆ ನೀನು ಸರಿಯಾಗಿಯೇ ಓದಿದ್ದೀಯ.

ನಿನ್ನ ಎಂಜಿನ್ನು ತಣ್ಣಗಿರಲಿ, ನಾಲಿಗೆಯ ಬಿಗಿ ಸಣ್ಣಗಾಗಲಿ. ದಾರಿಯಲ್ಲಿ ದೇವರು ಕಾಯಲಿ. ಅವನಿಗೆ ಬಿಡುವಿಲ್ಲದಿದ್ದರೆ ನಾನು ಹೇಗೂ ಇರುತ್ತೇನೆ, ಶನಿವಾರ ಆ ಪ್ರಶ್ನೆ ಬರುವವರೆಗೆ.

ಬಲಗಡೆಯಿಂದ,
ಟ್ವೈಲಾ