ಹುಟ್ಟುಗೂದಲು ಉದುರದ ಮುದಿ ಟೈರುಗಳು

ಮಾನ್ಯ ರಸ್ತೆ ಸುರಕ್ಷತಾ ಅಧಿಕಾರಿಗಳೇ,

ನೀವು ನನ್ನ ಕಾರನ್ನು ಜಪ್ತಿ ಮಾಡಿದ್ದೀರಿ, ಸಂತೋಷ. ಆದರೆ ಅದರ ಹಿಂದಿನ ಸೀಟಿನಲ್ಲಿ ನನ್ನ ಅತ್ತೆಯವರಿದ್ದಾರೆ. ಇಳಿಯುವುದಿಲ್ಲ ಎಂದು ಹಟ ಹಿಡಿದು ನಿನ್ನೆಯಿಂದ ನಿಮ್ಮ ಕಚೇರಿಯ ಅಂಗಳದಲ್ಲೇ ಕೂತಿದ್ದಾರೆ. ಟೈರಿನ ದೆಸೆಯಿಂದ ಅತ್ತೆ ಜಪ್ತಿಯಾದ ಅಳಿಯ ಇಡೀ ಇಬಾದಾನಿನಲ್ಲಿ ನಾನೊಬ್ಬನೇ ಇರಬೇಕು. ಈ ಗೌರವಕ್ಕೆ ನಾನು ಖಂಡಿತ ಅರ್ಹನಲ್ಲ.

ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ಹೆಂಡತಿ ಮೊರೆನಿಕೆಯ ತಾಯಿ, ಊರವರ ಬಾಯಲ್ಲಿ ಈಯಾ ಮೊರೆನಿಕೆ, ನಾವು ಕಾರು ಕೊಂಡ ವರ್ಷ ನಾಲ್ಕು ಹೊಚ್ಚ ಹೊಸ ಟೈರು ಉಡುಗೊರೆ ಕೊಟ್ಟರು. ಅತ್ತೆ ಕೊಟ್ಟ ಟೈರನ್ನು ನಮ್ಮ ರಸ್ತೆಯ ಹೊಂಡಗಳಿಗೆ ಇಳಿಸಲು ಯಾವ ಅಳಿಯನಿಗೆ ಮನಸ್ಸು ಬಂದೀತು? ಅದೂ ಅಲ್ಲದೆ, ಹೊಸತೇನು ಕಂಡರೂ ನಮ್ಮ ಬೀದಿಯವರು ಸುಮ್ಮನಿರುವ ಜನವೇ? "ಟೈರು ತೊಳೆಯೋದು ಯಾವಾಗಪ್ಪಾ?" ಎಂದು ಬಂದು ನಿಲ್ಲುತ್ತಾರೆ. ತೊಳೆಯುವುದು ನೀರಿನಿಂದಲ್ಲ, ಬಿಯರಿನಿಂದ, ಮೇಕೆಮಾಂಸದ ಖಾರದ ಸಾರಿನಿಂದ. ಹೊಸ ಟೈರಿನ ಬೆಲೆಗಿಂತ ಅದರ ಸ್ನಾನದ ಬೆಲೆ ಹೆಚ್ಚು. ಹಡಗಿನಲ್ಲಿ ಬರುವ ಟೊಕುನ್ಬೊ, ಅಂದರೆ ವಿದೇಶದ ಹಳೆ ಟೈರಿಗೆ ಈ ಕಾಟವಿಲ್ಲ. ಯಾವುದೋ ಚಳಿದೇಶದಲ್ಲಿ ಅರ್ಧ ಆಯುಷ್ಯ ಸವೆಸಿ ಬಂದದ್ದನ್ನು ತೊಳೆಸು ಎಂದು ಯಾರೂ ಪೀಡಿಸುವುದಿಲ್ಲ. ಹಾಗಾಗಿ ಅತ್ತೆಯ ಟೈರು ಪ್ಲಾಸ್ಟಿಕ್ ಹೊದ್ದು ನಮ್ಮ ಮಂಚದ ಕೆಳಗೆ ಮಲಗಿತು; ಕಾರು ಹಳೆ ಟೈರು ಮಾರುವ ಲಾಸಿಸಿಯ ಅಂಗಡಿಯ ಟೊಕುನ್ಬೊ ಮೇಲೆ ಓಡಿತು.

ಒಗ್ಬೊಮೊಶೊದಲ್ಲಿರುವ ಅತ್ತೆಗೆ ಇದು ಗೊತ್ತಿಲ್ಲ. ನಿನ್ನೆ ಇಲ್ಲಿ ಇಬಾದಾನಿನಲ್ಲಿ ಅವರ ಅಣ್ಣನ ಎಂಬತ್ತನೆಯ ಹುಟ್ಟುಹಬ್ಬ. "ನಿನ್ನ ಕಾರಲ್ಲೇ ಬರ್ತೀನಿ ಕಣೋ" ಎಂದು ಹೇಳಿಕಳಿಸಿದ್ದರಿಂದ, ಆ ಟೈರುಗಳನ್ನು ಮಂಚದಡಿಯಿಂದ ಎಳೆದು ತೊಡಿಸಿದೆ. ಅವರನ್ನು ಕರೆತರುವ ದಾರಿಯಲ್ಲಿ ನಿಮ್ಮ ಸಿಬ್ಬಂದಿ ಅಡ್ಡಗಟ್ಟಿದರು. ಒಬ್ಬರು ಬಗ್ಗಿ, ಟೈರಿನ ಪಕ್ಕೆಯಲ್ಲಿ ಕೊರೆದಿದ್ದ ತಯಾರಿಕೆಯ ವಾರ, ವರ್ಷ ಓದಿದರು.

"ಸಾರ್, ಇದರ ಆಯುಷ್ಯ ಮುಗಿದು ಎಷ್ಟೋ ಕಾಲ ಆಯ್ತು. ಗಾಡಿ ಬಿಡೋಕಾಗಲ್ಲ."

ಹಿಂದಿನ ಕಿಟಕಿಯಿಂದ ಮೊದಲು ಅತ್ತೆಯ ತಲೆಗಟ್ಟು ಹೊರಬಂತು, ಆಮೇಲೆ ಅತ್ತೆ.

"ಯಾರ ಆಯುಷ್ಯನೋ ಮುಗಿದಿರೋದು? ಮುಟ್ಟಿ ನೋಡು! ನಾನು ಕೊಟ್ಟ ಟೈರು. ಇಷ್ಟು ವರ್ಷ ಓಡಿದ್ರೂ ಹುಟ್ಟುಗೂದಲು ಉದುರಿಲ್ಲ!"

"ಅಮ್ಮಾ, ರಬ್ಬರು ಕೂತಲ್ಲೇ ಮುದಿಯಾಗುತ್ತೆ."

"ನಾನೂ ಕೂತಲ್ಲೇ ಮುದಿಯಾದೆ. ನನ್ನನ್ನೂ ಬಿಚ್ಚಿ ಮೂಲೆಗೆ ಎಸೀತೀಯಾ? ಎಸಿ, ನೋಡೇಬಿಡ್ತೀನಿ!"

ಹೊಸ ಟೈರಿನ ಮೇಲೆ ಎಳೆಎಳೆಯಾಗಿ ನಿಂತಿರುತ್ತದಲ್ಲ, ಆ ರಬ್ಬರ್ ಕೂದಲು. ಒಂದೆರಡು ತಿಂಗಳು ಓಡಿದರೂ ಅದು ಸವೆದುಹೋಗುತ್ತದೆ ಎಂದು ನಿಮ್ಮವರಿಗೆ ಗೊತ್ತು, ನನಗೂ ಗೊತ್ತು. ನಾನು ಆಕಾಶ ನೋಡುತ್ತಿದ್ದೆ.

ಮಾನ್ಯರೇ, ನಿಮ್ಮ ನಿಯಮ ತಪ್ಪೆಂದು ನಾನು ವಾದಿಸಲಾರೆ. ಅತ್ತೆ ಆಚೆ ತಿರುಗಿದ್ದಾಗ ಟೈರಿನ ಬಿರುಕಿಗೆ ಉಗುರು ಹಾಕಿದೆ, ಬೆರಳೇ ಹೋಗುವಂತಿತ್ತು. ಹೆದ್ದಾರಿಯಲ್ಲಿ ಸಿಡಿದಿದ್ದರೆ ಹುಟ್ಟುಹಬ್ಬದ ಊಟ ಬೇರೆ ಕಾರಣಕ್ಕೆ ಬಡಿಸಬೇಕಾಗುತ್ತಿತ್ತು. ಆದರೆ ನಿಮ್ಮ ವಿವೇಕ ರಸ್ತೆಯಲ್ಲಿ ಮಾತ್ರ ಯಾಕೆ ಬಗ್ಗಿ ನೋಡುತ್ತದೆ? ಮಾರುಕಟ್ಟೆಯಲ್ಲಿ ಹೊಸ ಟೈರನ್ನು ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿ ಹಪ್ಪಳದಂತೆ ಒಣಗಿಸುತ್ತಾರೆ, ಅಲ್ಲಿ ನಿಮ್ಮ ಕನ್ನಡಕ ಎಲ್ಲಿರುತ್ತದೆ? ಲಾಸಿಸಿ ಟೊಕುನ್ಬೊ ಟೈರಿಗೆ ಬೂಟ್ ಪಾಲಿಶ್ ಉಜ್ಜುತ್ತಾ, "ಅಣ್ಣಾ, ಜರ್ಮನಿಯಲ್ಲಿ ಒಬ್ಬ ಅಜ್ಜಿ ಭಾನುವಾರ ಚರ್ಚಿಗೆ ಮಾತ್ರ ಓಡಿಸ್ತಿದ್ದ ಕಾರಿಂದು" ಅನ್ನುತ್ತಾನೆ. ಅವನ ರಾಶಿ ನೋಡಿದರೆ ಆ ದೇಶದಲ್ಲಿ ಅಜ್ಜಿಯರನ್ನು ಬಿಟ್ಟು ಬೇರೆ ಪ್ರಜೆಗಳೇ ಇಲ್ಲ. ಒಳಗೆ ತೇಪೆ ಎಷ್ಟು, ಪೆಟ್ಟು ಎಷ್ಟು, ಯಾರು ಕಂಡರು? ಪಕ್ಕೆಯ ಅಂಕಿ ವಯಸ್ಸನ್ನು ಹೇಳುತ್ತದೆಯೇ ಹೊರತು ನಡತೆಯನ್ನಲ್ಲ. ಸೋವಿಯೆಂದು ಕೊಂಡರೆ ವರ್ಷದೊಳಗೆ ಬೋಳಾಗಿ ಮತ್ತೆ ಅವನ ಬಾಗಿಲಿಗೇ ಓಡಬೇಕು. ಬಡವನಿಗೆ ಇರುವ ಆಯ್ಕೆಯಾದರೂ ಏನು? ಹರೆಯದಲ್ಲೇ ದಣಿದದ್ದು ಒಂದು, ದುಡಿಯದೇ ಮುದಿಯಾದದ್ದು ಇನ್ನೊಂದು. ಅಂಗಡಿಗಳಿಗೆ ಹೋಗಿ, ಎರಡನ್ನೂ ತಿರುಗಿಸಿ, ಒಳಗೆ ಕೈಹಾಕಿ ನೋಡಿ. ಇದು ನನ್ನ ಸಾರ್ವಜನಿಕ ಬೇಡಿಕೆ.

ಖಾಸಗಿ ಬೇಡಿಕೆ ಇದಕ್ಕಿಂತ ತುರ್ತಿನದು. ಒಳಗೆ ಕೈಹಾಕಿ ನೋಡಿಯೇ ಆರಿಸಿದ, ತಕ್ಕಮಟ್ಟಿಗೆ ಎಳೆಯದಾದ ನಾಲ್ಕು ಟೊಕುನ್ಬೊ ತಂದು ನಿಮ್ಮ ಗೇಟಿನಲ್ಲಿ ನಿಂತಿದ್ದೇನೆ. ಈಗ ಅತ್ತೆಯ ಸಿಟ್ಟೆಲ್ಲ ನಿಮ್ಮ ಇಲಾಖೆಯ ಮೇಲಿದೆ. ನನ್ನನ್ನು "ಪಾಪದವನು" ಎಂದೇ ಕರೆಯುತ್ತಿದ್ದಾರೆ. ಆದರೆ ನಿಮ್ಮ ಆ ಪ್ರಾಮಾಣಿಕ ಸಿಬ್ಬಂದಿ ಅಂಗಳದಲ್ಲಿ ಓಡಾಡುತ್ತಾ, ಓಡಿದ ಟೈರಿನಲ್ಲಿ ಕೂದಲು ಇರುವುದಿಲ್ಲವೆಂದು ಅತ್ತೆಗೆ ವಿವರಿಸಲು ಸಮಯ ಕಾಯುತ್ತಿದ್ದಾರೆ. ಅವರು ಬಾಯಿ ತೆರೆದ ದಿನ ನನ್ನ ಸಂಸಾರದ ಗಾಳಿ ಹೋಯಿತು. (ಈ ಪತ್ರ ಪತ್ರಿಕೆಯಲ್ಲೂ ಬರಲಿದೆ, ಆದರೆ ಅತ್ತೆಯವರು ಪತ್ರಿಕೆ ಓದುವುದಿಲ್ಲ. ಓದಿ ಹೇಳುವವರು ದಯವಿಟ್ಟು ನನ್ನ ಮಕ್ಕಳ ಮುಖ ನೆನೆಯಿರಿ.)

ಆದ್ದರಿಂದ ಮಾನ್ಯರೇ, ತಾವೇ ಬನ್ನಿ. ಟೋಪಿ ತೆಗೆದು, ಕಾರಿನ ಪಕ್ಕ ಉದ್ದಂಡ ಬಿದ್ದು ನಮಸ್ಕರಿಸಿ, ಹೀಗೆ ಹೇಳಿ: "ಅಮ್ಮಾ, ಇಂಥಾ ಟೈರು ಇಡೀ ಊರಲ್ಲಿಲ್ಲ. ಸರ್ಕಾರಕ್ಕೇ ಬೇಕಾಗಿದೆ, ಕೊಡಿಸಿ." ಅವರು ಖಂಡಿತ ಇಳಿಯುತ್ತಾರೆ, ಹರಸುತ್ತಾರೆ, ತಾವೇ ನಿಂತು ಬಿಚ್ಚಿಸುತ್ತಾರೆ. ಅವರು ಕಣ್ಮರೆಯಾಗುವವರೆಗೆ ಟೈರುಗಳನ್ನು ನಿಮ್ಮ ಜೀಪಿನ ಪಕ್ಕ ಭಕ್ತಿಯಿಂದ ಒರಗಿಸಿಡಿ. ಜೀಪಿಗೆ ಮಾತ್ರ ಹಾಕಬೇಡಿ. ತಮ್ಮಂಥವರು ನಮಗಿನ್ನೂ ಬೇಕು.

ಇಂತಿ,
ಗೇಟಿನ ಹೊರಗೆ ಟೈರಿನ ಮೇಲೆ ಕೂತು ಕಾಯುತ್ತಿರುವ,
ಸದ್ಯಕ್ಕೆ ಇನ್ನೂ ಪಾಪದವನಾದ,
ಫೆಸ್ಟಸ್ ಓಗುನ್ಮೋಲಾ