ವೆಂಡೆಲ್ ಕ್ರೌಸ್ ಹಾಕದ ಮತ

ವಾಷಿಂಗ್ಟನ್
ಫೆಬ್ರವರಿ 20, ಗುರುವಾರ

ನನ್ನ ಮೊಂಡು ಅಮ್ಮನಿಗೆ,

ಗೆದ್ದೆವು!

ಮೊದಲು ಇದನ್ನು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಫೋನಿನಲ್ಲಿ ಬಾಂಬಿನ ಮಾತೆತ್ತಿದರೆ ನೀನು ಟಪ್ಪಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹರಿದು ಹಾಕಬಹುದು, ಆದರೆ ನೀನು ಓದಿಯೇ ಹರಿಯುವವಳು, ನನಗೆ ಗೊತ್ತು.

ನಾನಿಲ್ಲಿ ಮಾಡುವ ಕೆಲಸವೇನು ಅಂತ ನೀನು ಒಂದು ದಿನವೂ ಕೇಳಿಲ್ಲ. ಚರ್ಚಿನ ಹೆಂಗಸರು ಕೇಳಿದರೆ 'ಯಾವುದೋ ಆಫೀಸಿನಲ್ಲಿದ್ದಾಳೆ' ಅನ್ನುತ್ತೀಯಂತೆ. ಕೇಳು. ನಮ್ಮ ಸರ್ಕಾರ ಹೊರದೇಶಕ್ಕೆ ಬಾಂಬು ಮಾರಬೇಕೆಂದರೆ ಮೊದಲು ಸಂಸತ್ತಿಗೆ ತಿಳಿಸಬೇಕು. ಅದು ಕಾನೂನು. ತಿಳಿಸುವ ಮುಂಚೆ ಅದರ ಕೆಳಮನೆ, ಮೇಲ್ಮನೆ ಎರಡರ ವಿದೇಶಾಂಗ ಸಮಿತಿಯ ಹಿರಿಯರ ಕಿವಿಗೆ ಹಾಕಿ, ಅವರು ಹೂಂ ಅನ್ನುವ ತನಕ ಕಾಯಬೇಕು. ಅದು ಪದ್ಧತಿ, ಎಲ್ಲೂ ಬರೆದಿಲ್ಲ. ನನ್ನ ಆಫೀಸಿನ ಯಜಮಾನಿ, ಸೆನೆಟರ್ ಇನೆಜ್ ಪಾರ್ಮಲಿ, ಆ ಹಿರಿಯರಲ್ಲಿ ಒಬ್ಬರು. ಮಿತ್ರದೇಶದ ದೊರೆಗೆ ಕಳಿಸುವ ಬಾಂಬಿಗೆ ಅವರು ಹೋದ ಬೇಸಿಗೆಯಿಂದ ಹೂಂ ಅಂದಿರಲಿಲ್ಲ. ಆ ದೊರೆ ಪಕ್ಕದ ದೇಶದ ಸಂತೆಯ ಮೇಲೆ ಬಾಂಬು ಹಾಕಿಸಿದ್ದ. ಸೊಪ್ಪು, ಕುರಿ, ಹಳೇ ಬಟ್ಟೆ ಮಾರುವ ಸಂತೆ. ಕೊಂದದ್ದಕ್ಕೆ 'ತಪ್ಪಿದ ಗುರಿ' ಅಂತ ಹೆಸರಿಟ್ಟರು. ಮಾರುವುದಕ್ಕೆ 'ಭದ್ರತಾ ಸಹಕಾರ' ಅಂತ ಹೆಸರಿಟ್ಟರು. ಇವರು ಹೆಸರಿಡುವುದರಲ್ಲಿ ನಿಸ್ಸೀಮರು.

ಜನವರಿಯಲ್ಲಿ ವಿದೇಶಾಂಗ ಇಲಾಖೆಗೆ ತಾಳ್ಮೆ ಕೆಟ್ಟಿತು. ಪದ್ಧತಿಯನ್ನು ಕಾಲಲ್ಲಿ ಒದ್ದು, ನಮ್ಮನ್ನು ಕೇಳದೆ, ಮಾರಾಟದ ಪ್ರಸ್ತಾವವನ್ನು ನೇರ ಸಂಸತ್ತಿಗೆ ಕಳಿಸಿಬಿಟ್ಟರು. ಇನ್ನು ಉಳಿದದ್ದು ಒಂದೇ ದಾರಿ: ಮಾರಾಟ ಬೇಡ ಅಂತ ಎರಡೂ ಮನೆ ನಿರ್ಣಯ ಮಾಡುವುದು. ಕೆಳಮನೆ ಹೋದ ವಾರ ಮಾಡಿತು. ನಿನ್ನೆ ನಮ್ಮ ಸರದಿ.

ಈಗ ನಿನ್ನಿಂದ ಮುಚ್ಚಿಟ್ಟ ಮಾತು. ಆ ಸಂತೆಯೂರಿನ ಸೂಲಗಿತ್ತಿ ನಜ್ವಾ ಅನ್ನುವವರನ್ನು ಶರತ್ಕಾಲದಲ್ಲಿ ನಮ್ಮ ಸಮಿತಿಯ ಮುಂದೆ ಕರೆಸಿದ್ದೆವು. ಸಂತೆಯಲ್ಲಿ ಆಯ್ದ ಒಂದು ಲೋಹದ ಚೂರನ್ನು ಅವರು ಕರವಸ್ತ್ರದಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ಮೇಲೆ ವೃತ್ತದೊಳಗೆ ಗರಿ. ನಿನ್ನ ಟೋಪಿಯ ಮೇಲಿರುವ ಗರಿ, ಅಮ್ಮ. ನಮ್ಮೂರು ಟಿಲ್ಡನ್ ಬೆಂಡಿನ ಬಾಂಬ್ ಕಾರ್ಖಾನೆಯ ಗುರುತು. ಆ ಟೋಪಿ ಹಾಕಿಕೊಂಡು ನೀನು ಪಾಳಿಗೆ ಹೋಗಿದ್ದಕ್ಕೇ ನಾನು ಕಾಲೇಜು ಓದಿದ್ದು. ಆವತ್ತು ನಿನಗೆ ಫೋನ್ ಮಾಡಿ ಹವಾಮಾನದ ಬಗ್ಗೆ ಮಾತಾಡಿದೆ. ವಿಚಾರಣೆ ಟೀವಿಯಲ್ಲಿ ಬಂದಿತ್ತು. ಟೀವಿಯಲ್ಲಿ ನೀನು ಅಡುಗೆ ಸ್ಪರ್ಧೆ ಬಿಟ್ಟು ಬೇರೇನೂ ನೋಡುವುದಿಲ್ಲವಲ್ಲ, ಗೊತ್ತಾಗುವುದಿಲ್ಲ ಅಂತ ಧೈರ್ಯ ಮಾಡಿಕೊಂಡೆ.

ಕ್ರಿಸ್ಮಸ್‌ಗೆ ಬಂದಾಗ ನಾವಿಬ್ಬರೂ ಕಿತ್ತಾಡಿದೆವಲ್ಲ. 'ನಿನ್ನ ಭಾಷಣ ನನ್ನ ಕರೆಂಟು ಬಿಲ್ಲು ಕಟ್ಟಲ್ಲ ಕಣೇ' ಅಂದೆ ನೀನು. ನಾನು ಬಾಗಿಲು ಬಡಿದು ಹೊರಟೆ. ಆಮೇಲೆ ನಮ್ಮ ನಡುವೆ ಬರೀ ಭಾನುವಾರದ ಫೋನು. ಹೋದ ಭಾನುವಾರ ಕೋಳಿ ಶಾವಿಗೆ ಮಾಡುವುದು ಹೇಗೆ ಅಂತ ಕೇಳಿದರೆ, ಹಸಿರು ಹೂವಿನ ಗಾಜಿನ ಪಾತ್ರೆಯೇ ಮನೆಯಲ್ಲಿಲ್ಲ, ಎಲ್ಲೋ ಹೋಗಿದೆ, ಪಾತ್ರೆ ನೋಡದೆ ಅಳತೆ ಹೇಳೋಕಾಗಲ್ಲ ಅಂತ ನೀನು ಸಿಡುಕಿದೆ. ಅಳತೆಗೂ ನನ್ನ ಮೇಲೆ ಸಿಟ್ಟೇ ಅಂದುಕೊಂಡೆ.

ಸರಿ, ನಿನ್ನೆಯ ಕಥೆ. ನಮ್ಮ ಕಡೆ ಐವತ್ತು, ಅವರ ಕಡೆ ನಲವತ್ತೊಂಬತ್ತು, ಒಂದು ಸ್ಥಾನ ಖಾಲಿ. ಒಬ್ಬೊಬ್ಬರ ಮನೆ ಬಾಗಿಲು ಕಾದು ಕೂಡಿಸಿದ ಐವತ್ತು. ಬೆಳಗ್ಗೆ ಪಾರ್ಮಲಿ ಮೇಡಂ ತಮ್ಮ ಮನೆ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು! ಒಂದು ಮತ ಹೋಯಿತು. ಸಮಸಮ. ಸಮ ಅಂದರೆ ನಮಗೆ ಸೋಲು.

ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ಮೇಡಂ ನನಗೆ ಫೋನ್ ಮಾಡಿ ಗುಡುಗಿದರು: ಅಳಬೇಡ ಹುಡುಗಿ, ಸೊಂಟ ನಂದು ಮುರಿದಿರೋದು, ಓಡು, ಜೋಡಿ ಹುಡುಕು ಅಂತ. ಜೋಡಿ ಅಂದರೆ ಇಲ್ಲಿಯ ಹಳೇ ಮರ್ಯಾದೆ. ಕಾಯಿಲೆಯಲ್ಲೋ ಸಾವಿನ ಮನೆಯಲ್ಲೋ ಇರುವವರ ಮತ ತಪ್ಪಿದರೆ, ಎದುರು ಪಕ್ಷದವರೊಬ್ಬರು ತಾವೂ ಮತ ಹಾಕದೆ ಕೂರಬಹುದು. ಲೆಕ್ಕ ಸರಿಹೋಗುತ್ತದೆ. ಯಾರೂ ಬಲವಂತ ಮಾಡುವಂತಿಲ್ಲ. ಈಗಿನ ಕಾಲದಲ್ಲಿ ಯಾರೂ ಮಾಡುವುದೂ ಇಲ್ಲ.

ಓಡಿದೆ. ಒಬ್ಬ ಸೆನೆಟರನ ಆಫೀಸಿನ ಹುಡುಗ ನಕ್ಕು, ಜೋಡಿ ಬೇಕಾದರೆ ಮದುವೆ ದಲ್ಲಾಳಿ ಹತ್ರ ಹೋಗಮ್ಮ ಅಂದ. ಇನ್ನೊಬ್ಬರು, ಮೇಡಂಗೆ ಹೂಗುಚ್ಛ ಕಳಿಸ್ತೀವಿ, ಮತ ಕಳಿಸಲ್ಲ ಅಂದರು. ಕೊನೆಗೆ ಉಳಿದವನು ನಮ್ಮ ರಾಜ್ಯದ ಮುದುಕ ಸೆನೆಟರ್, ವೆಂಡೆಲ್ ಕ್ರೌಸ್. ಕಾರ್ಖಾನೆಗೆ ಆರ್ಡರು ತಂದುಕೊಟ್ಟೇ ಚುನಾವಣೆ ಗೆಲ್ಲುವವನು. ಹೆಂಡತಿ ಫಿಲ್ಲಿಸ್ ತೀರಿಕೊಂಡು ತಿಂಗಳಾಗಿಲ್ಲ, ಕೋಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು ಕೂತಿದ್ದ. ನಾನು ಬಾಯಿ ಬಿಡುವ ಮುಂಚೆಯೇ, ನೀನು ಆರ್ಡಿತ್ ವೋಗಲ್ ಮಗಳಲ್ವಾ ಅಂದ. ಹೌದು ಅಂದೆ. ಜೋಡಿ ಕೇಳಿದೆ. ನನ್ನ ಊರಿನ ಜನರ ಅನ್ನಕ್ಕೆ ನಾನೇ ಕಲ್ಲು ಹಾಕಲಾ ಅಂತ ಗದರಿದ. ನನಗೂ ರೇಗಿತು. ಸಾರ್, ಆ ಸಂತೆಯೂರಲ್ಲಿ ಅನ್ನ ತಿನ್ನೋರೇ ಉಳಿದಿಲ್ಲ ಅಂದೆ. ಬಾಗಿಲು ತೋರಿಸಿದ.

ಸಭೆಯಲ್ಲಿ ಹೆಸರು ಕೂಗತೊಡಗಿದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಮೇಲೆ ಪ್ರೇಕ್ಷಕರ ಸಾಲಿನಲ್ಲಿ ನಜ್ವಾ, ಮಡಿಲಲ್ಲಿ ಅದೇ ಕರವಸ್ತ್ರ. ಕ್ರೌಸ್ ಹೆಸರು ಬಂತು. ಆತ ಎದ್ದು ನಿಂತ. ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದ. ಗುಮಾಸ್ತ ಇನ್ನೊಮ್ಮೆ ಕೂಗಿದ. ಆಗ ಕೇಳಿಸಿತು, ಅಮ್ಮ, ಆತನ ಗೊಗ್ಗರು ದನಿ. ಪಾರ್ಮಲಿ ಇಲ್ಲಿದ್ದಿದ್ದರೆ ಮಾರಾಟ ಬೇಡ ಅನ್ನೋ ನಿರ್ಣಯಕ್ಕೆ ಹೌದು ಅಂತಿದ್ದರು, ನಾನು ಇಲ್ಲ ಅಂತಿದ್ದೆ. ಒಬ್ಬ ಹೆಂಗಸಿನ ಸೊಂಟ ಮುರೀತು ಅಂತ ನನ್ನ ಮಾತು ಗೆಲ್ಲೋದು ನನಗೆ ಬೇಕಿಲ್ಲ. ನಾನು ಅವರ ಜೋಡಿ, ನನ್ನ ಮತ ಹಾಕಲ್ಲ ಅಂದರು. ಅಂದು ಕೂತುಬಿಟ್ಟರು.

ನಲವತ್ತೊಂಬತ್ತಕ್ಕೆ ನಲವತ್ತೆಂಟು!

ಸಭೆಯಲ್ಲಿ ಚಪ್ಪಾಳೆ ನಿಷಿದ್ಧ. ನಿಷೇಧ ಯಾರಿಗೆ ನೆನಪಿತ್ತು? ನಾನು ನಿನ್ನ ಕಾರ್ಖಾನೆ ಮುಷ್ಕರದಲ್ಲಿ ಕಲಿತ ಶಿಳ್ಳೆ ಹೊಡೆದೆ. ಕಾವಲುಗಾರ ನನ್ನನ್ನು ತೋಳು ಹಿಡಿದು ಹೊರಗೆ ಹಾಕಿದ, ಹಾಕುವಾಗ ಅವನೂ ನಗುತ್ತಿದ್ದ. ನಜ್ವಾ ಮೆಟ್ಟಿಲಿಳಿದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈಯಲ್ಲಿ ಹುಟ್ಟಿದ ಮಕ್ಕಳೆಷ್ಟೋ, ಅದರಲ್ಲಿ ಸಂತೆಯಲ್ಲಿ ಹೋದವರೆಷ್ಟೋ. ಅವರು ಅಳಲಿಲ್ಲ. ಮುಂದಿನ ತಿಂಗಳು ನಮ್ಮೂರಲ್ಲಿ ಹೆರಿಗೆಗಳಿವೆ, ಬೇಗ ಹೋಗಬೇಕು ಅಂದರು.

ಅಧ್ಯಕ್ಷರು ಇದನ್ನು ತಳ್ಳಿಹಾಕಬಹುದಿತ್ತು. ಅದಕ್ಕೂ ಮುಖ ಬೇಕಲ್ಲ? ತಮ್ಮ ಪಕ್ಷದ ಮುದುಕನೇ ಎದ್ದು ನಿಂತ ಮೇಲೆ ಇನ್ನೂ ಎಷ್ಟು ಜನ ಏಳುತ್ತಾರೋ ಅಂತ ಹೆದರಿ, ಇವತ್ತು ಮಧ್ಯಾಹ್ನ ಇಲಾಖೆಯೇ ಪ್ರಸ್ತಾವ ವಾಪಸ್ ತೆಗೆದುಕೊಂಡಿತು. ಆಸ್ಪತ್ರೆಗೆ ಹೋಗಿ ಹೇಳಿದೆ. ಮೇಡಂ ನಗಲು ಹೋಗಿ ನೋವಿಗೆ ಬೈದು, ಬೈದು ಮತ್ತೆ ನಕ್ಕರು.

ನಿನ್ನ ಎರಡನೇ ಪಾಳಿ ಹೋಗಬಹುದು, ಅಮ್ಮ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೊಲ್ಲುವುದನ್ನು ಬಿಟ್ಟರೆ ಊರಿಗೆ ಬೇರೆ ಕೆಲಸವೇ ಇಲ್ಲದ ಹಾಗೆ ಮಾಡಿದವರು ನಾವಲ್ಲ. ಅವರ ಕೊರಳಪಟ್ಟಿ ಹಿಡಿದು ಕೇಳೋಣ, ನೀನೂ ನಾನೂ ಸೇರಿ. ಬೈಯುವುದಿದ್ದರೆ ಭಾನುವಾರ ಬೈಯಿ, ಮನೆಗೇ ಬರುತ್ತಿದ್ದೇನೆ. ಈ ಸಲ ಬಾಗಿಲು ಬಡಿಯುವುದಿಲ್ಲ.

ಕ್ರೌಸ್ ಯಾಕೆ ಹಾಗೆ ಮಾಡಿದರೋ ಇಡೀ ವಾಷಿಂಗ್ಟನ್ನಿಗೆ ಅರ್ಥವಾಗಿಲ್ಲ. ನನಗೂ ಇಲ್ಲ.

ನಿನ್ನ ಬಾಯಿಬಡುಕಿ ಮಗಳು,
ಟ್ರೂಡಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು:

ಈಗ ತಾನೇ ಕ್ರೌಸ್ ನಮ್ಮ ಆಫೀಸಿಗೆ ಒಬ್ಬರೇ ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಹಸಿರು ಹೂವಿನ ಗಾಜಿನ ಪಾತ್ರೆ, ತಳಕ್ಕೆ ಅಂಟಿಸಿದ ಟೇಪಿನ ಮೇಲೆ 'ವೋಗಲ್' ಅಂತ ನಿನ್ನ ವಕ್ರ ಅಕ್ಷರ. ತೊಳೆದಿದ್ದರು. ತಮ್ಮ ಹಿತ್ತಿಲ ಅಕ್ರೋಟು ತುಂಬಿದ್ದರು. ಖಾಲಿ ಪಾತ್ರೆ ಕಳಿಸಿದರೆ ಫಿಲ್ಲಿಸ್ ಅಲ್ಲಿಂದಲೇ ಬೈತಾಳೆ ಅಂದರು.

ಫಿಲ್ಲಿಸ್ ಮಣ್ಣಾದ ಮಾರನೇ ದಿನ ನೀನು ಕೋಳಿ ಶಾವಿಗೆ ಒಯ್ದೆಯಂತೆ. ಕಾಫಿ ಬೇಡ ಅಂದೆಯಂತೆ. ಟೀವಿಯಲ್ಲಿ ಆ ಸೂಲಗಿತ್ತಿಯನ್ನೂ ಗರಿಯನ್ನೂ ನೋಡಿದೆ ಅಂತ ಹೇಳಿ, ಟೋಪಿ ತೆಗೆದು ಅವರ ಅಡುಗೆಮನೆ ಮೇಜಿನ ಮೇಲೆ ಪಾತ್ರೆಯ ಪಕ್ಕಕ್ಕಿಟ್ಟು ಕೇಳಿದೆಯಂತೆ: ವೆಂಡೆಲ್, ನಿಮ್ಮ ಮನೆಯಲ್ಲಿ ಸಾವಾಯ್ತು, ನಾನು ಊಟ ತಂದೆ. ಆ ಸಂತೆಯೂರಿನ ಮನೆಮನೆಗೂ ನಾವು ಏನು ತಗೊಂಡು ಹೋಗೋಣ?

ಉತ್ತರ ಹೇಳೋಕೆ ಇಷ್ಟು ದಿನ ಬೇಕಾಯ್ತು ಅಂತ ನಿಮ್ಮಮ್ಮನಿಗೆ ಹೇಳು ಅಂದರು. ಟೋಪಿ ಕೂಡ ಚೀಲದಲ್ಲಿತ್ತು. ಅದನ್ನು ನಜ್ವಾಗೆ ತೋರಿಸಿ ಎಲ್ಲವನ್ನೂ ಹೇಳಿದೆ. ಭಾನುವಾರ ಅವರೂ ನನ್ನ ಜೊತೆ ಬರುತ್ತಿದ್ದಾರೆ, ಅಮ್ಮ. ಪಾತ್ರೆ ತರುತ್ತೇವೆ. ಶಾವಿಗೆ ಮಾಡಿಡು.